ಎಮ್ಮೆ ಕೊಟ್ಟಿಗೆಯ ಯೆಜ್ಡಿ

ಮಗಳು ಚೈತ್ರ ಆಷಾಢಕ್ಕೆಂದು ತವರಿಗೆ ಬಂದ ವಾರದಲ್ಲೇ ನಿಂಗಮ್ಮ ತನ್ನ ಎಮ್ಮೆಯನ್ನು ಮಾರಿದಳು. ಸಂತೆಗೆ ಹೊಡೆದುಕೊಂಡು ಹೋಗುವ ತಾಪತ್ರಯವೂ ಇರಲಿಲ್ಲ. ಹಿಂದಿನ ಬೀದಿಯ ಮಂಚಯ್ಯನೇ ಬಂದು ಹಗ್ಗ ಹಿಡಿದುಕೊಂಡು ಹೋದ. ಎಮ್ಮೆ ಬೀದಿಯ ತಿರುವಿನಲ್ಲಿ ನಿಂತು ಒಮ್ಮೆ ಹಿಂದಕ್ಕೆ ನೋಡಿತು. ನಿಂಗಮ್ಮ ಅದನ್ನು ನೋಡಲಾರದೆ ಒಳಗೆ ಹೋಗಿ, ಉರಿಯುತ್ತಿದ್ದ ಒಲೆಗೆ ಬೇಡದಿದ್ದರೂ ಇನ್ನಷ್ಟು ಸೌದೆ ತುರುಕಿದಳು.

ಅವಳ ಅತ್ತೆ ಕುಳ್ಳಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು.

"ಮನೇಲಿ ಕರಾವು ಇಲ್ದಂಗೆ ಮಾಡ್ಬುಟ್ಟೆ. ಇನ್ಮ್ಯಾಕೆ ಪಾಕೀಟ್ ಹಾಲು ಕುಡ್ಕೊಂಡು ಬದುಕ್ಬೇಕು ನಾನು."

"ಮಾತು ಕೊಟ್ಟಾಗದೆ ಅತ್ತೆ. ಇನ್ನೇನ್ ಮಾಡ್ಲಿ?"

"ಮಾತು ಕೊಟ್ಟೋಳು ನೀನು. ಎಮ್ಮೆ ಏನ್ ಕೊಟ್ಟಿತ್ತಾ?"

ಮಾತು ಕೊಟ್ಟವಳು ನಿಂಗಮ್ಮನೇ ನಿಜ. ಮದುವೆಯ ಮಾತುಕತೆಯ ದಿನ ಗಂಡಿನ ಚಿಕ್ಕಪ್ಪ ಚಿಕ್ಕಸ್ವಾಮಿ ಎಲೆಗೆ ಸುಣ್ಣ ಹಚ್ಚುತ್ತಾ, "ಹುಡುಗ ಮೇಷ್ಟ್ರು. ಇಸ್ಕೂಲಿಗೆ ಓಗಿ ಬರಕ್ಕೆ ಒಂದು ಗಾಡಿ ಅಂತ ಕೊಟ್ರೆ ನಿಮ್ಗೇ ಒಂದ್ ಗೌರವ" ಎಂದಿದ್ದ. ನಿಂಗಮ್ಮನ ಗಂಡ ಚಲುವಯ್ಯ ಗಂಟಲು ಸರಿಮಾಡಿಕೊಂಡನೇ ಹೊರತು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಗಂಡಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಳ್ಳೆಯ ಸಂಬಂಧ ಕೈತಪ್ಪಿ ಹೋಗುತ್ತದೆ ಅನ್ನಿಸಿತೋ ಏನೋ, ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದ ನಿಂಗಮ್ಮ "ಆಯ್ತು, ಅದ್ನೂ ಕೊಡ್ತೀವಿ ಬುಡಿ" ಎಂದುಬಿಟ್ಟಳು. ನಾಲ್ಕು ಜನರ ಎದುರಿಗೆ ಹೆಂಗಸು ಆಡಿದ ಮಾತನ್ನು ಗಂಡಸು ಅಲ್ಲಗಳೆಯುವುದು ಹೇಗೆ? ಚಲುವಯ್ಯ ತಲೆ ತಗ್ಗಿಸಿ ತಟ್ಟೆಯಲ್ಲಿದ್ದ ಅಡಿಕೆ ಆರಿಸಿದ.

ಮದುವೆಯೇನೋ ವೈಶಾಖದಲ್ಲಿ ಚೆನ್ನಾಗಿಯೇ ಆಯಿತು. ಆದರೆ ಅವತ್ತಿನಿಂದ ಚಲುವಯ್ಯ ಹೆಂಡತಿಯ ಜೊತೆ ಮಾತು ಕಮ್ಮಿ ಮಾಡಿದ. ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಅವನದು. ಪಾಳಿ ಮುಗಿಸಿ ಬಂದು, ಕೈಕಾಲು ತೊಳೆದು, ಮುದ್ದೆ ಮುರಿದು ನುಂಗಿ ಎದ್ದುಹೋಗುತ್ತಿದ್ದ. ಗಾಡಿಯ ಮಾತೆತ್ತಿದರೆ, "ಬಾಯಿ ಬುಟ್ಟೋರು ತಂದ್ಕೊಡ್ಲಿ" ಅನ್ನುವುದಷ್ಟೇ. ಮದುವೆಗೆ ಮಾಡಿದ ಖರ್ಚಿನ ಮೇಲೆ ಹೊಸ ಗಾಡಿ ತರುವ ಶಕ್ತಿ ಆ ಮನೆಗಿರಲಿಲ್ಲ. ಅದು ನಿಂಗಮ್ಮನಿಗೂ ಗೊತ್ತಿತ್ತು.

ಎಮ್ಮೆ ಮಾರಿದ ದುಡ್ಡನ್ನು ಅವಳು ಗಂಡನ ಮುಂದಿಟ್ಟಾಗ ಚಲುವಯ್ಯ ಬಹಳ ಹೊತ್ತು ಅದನ್ನು ಮುಟ್ಟಲಿಲ್ಲ.

"ಯಾರನ್ ಕೇಳಿ ಮಾರ್ದೆ?"

"ನನ್ನೆಮ್ಮೆ. ನಮ್ಮಪ್ಪ ಕೊಟ್ಟಿದ್ ಕರು ಬೆಳೆಸ್ಕೊಂಡಿದ್ದೆ. ಯಾರನ್ ಕೇಳ್ಬೇಕಿತ್ತು?"

"ಇದ್ರಲ್ಲಿ ಹೊಸ ಗಾಡಿ ಮುಂದ್ಲು ಚಕ್ರ ಬತ್ತದೆ, ಅಷ್ಟೇಯ."

"ಹಳೇದು ತನ್ನಿ. ನೀವು ಅಷ್ಟು ದೊಡ್ ದೊಡ್ ಮಿಷಿನ್ ರಿಪೇರಿ ಮಾಡೋರು, ಒಂದು ಹಳೇ ಗಾಡಿ ಸರಿ ಮಾಡಕ್ಕಾಗಕಿಲ್ವಾ?"

ಆ ಮಾತು ಚಲುವಯ್ಯನಿಗೆ ಎಲ್ಲಿ ತಾಕಬೇಕೋ ಅಲ್ಲಿ ತಾಕಿತು. ಅವತ್ತು ಒಂದು ಮುದ್ದೆ ಹೆಚ್ಚಿಗೆ ಉಂಡ.

ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಒಬ್ಬ ರೈಲ್ವೆ ಗಾರ್ಡಿನ ಮನೆಯ ಹಿತ್ತಲಲ್ಲಿ ಯೆಜ್ಡಿ ಬೈಕೊಂದು ಗೋಣಿತಾಟು ಹೊದ್ದು ನಿಂತಿರುವ ಸುದ್ದಿ ಕಾರ್ಖಾನೆಯ ಗೆಳೆಯರಿಂದ ಸಿಕ್ಕಿತು. ಗಾರ್ಡು ತೀರಿಕೊಂಡು ವರ್ಷಗಳಾಗಿದ್ದವು. ಅವರ ಹೆಂಡತಿಗೆ ಹಿತ್ತಲಲ್ಲಿ ಬಟ್ಟೆ ಒಣಹಾಕಲು ಜಾಗ ಸಿಕ್ಕಿದರೆ ಸಾಕಾಗಿತ್ತು. ಚಲುವಯ್ಯ ಕಬ್ಬಿನ ಟ್ರಾಕ್ಟರೊಂದರ ಟ್ರೈಲರಿನಲ್ಲಿ ಅದನ್ನು ಹೇರಿಕೊಂಡು ತಂದ. ಇಳಿಸಿದಾಗ ಗಾಡಿಗೆ ಗಾಳಿ ಇರಲಿಲ್ಲ, ಸೀಟಿನ ಸ್ಪಂಜನ್ನು ಇಲಿ ತಿಂದಿತ್ತು, ಸೈಲೆನ್ಸರಿನ ಬಾಯಿಯಿಂದ ಕಣಜದ ಗೂಡಿನ ಮಣ್ಣು ಉದುರಿತು. ಅದನ್ನು ನಿಲ್ಲಿಸಲು ಮಳೆ ಬೀಳದ ಜಾಗ ಮನೆಯಲ್ಲಿ ಒಂದೇ ಇತ್ತು, ಎಮ್ಮೆಯ ಕೊಟ್ಟಿಗೆ.

ಕುಳ್ಳಮ್ಮ ಕೋಲೂರಿಕೊಂಡು ಬಂದು ನೋಡಿದಳು.

"ಹಾಲ್ ಕೊಡೋದನ್ನ ಬಿಚ್ಚಿ ಕಳಿಸ್ಬುಟ್ಟು ಕಬ್ಬುಣ ತಂದು ಕಟ್ಟವ್ರೆ. ಇದುಕ್ಕೇನು ಹುಲ್ಲು ಹಾಕ್ತೀರೋ, ಬೂಸ ಕಲಸ್ತೀರೋ?"

"ಪೆಟ್ರೋಲ್ ಕುಡಿತದೆ ಕಣಜ್ಜಿ" ಎಂದಳು ಚೈತ್ರ.

"ಕುಡಿಯೋದನ್ನೇ ತಂದವ್ನಲ್ಲ ನಮ್ಮಪ್ಪ" ಎಂದು ಕುಳ್ಳಮ್ಮ ಹಣೆ ಚಚ್ಚಿಕೊಂಡಳು.

ಮೊದಲ ವಾರ ಜಗಳದಲ್ಲೇ ಹೋಯಿತು. ಇಂಜಿನ್ನು ಕಚ್ಚಿಕೊಂಡು ತಿರುಗದೆ ನಿಂತಿತ್ತು. ಚಲುವಯ್ಯ ಪ್ಲಗ್ಗು ಬಿಚ್ಚಿ ಆ ತೂತಿಗೆ ಸೀಮೆಎಣ್ಣೆ ಸುರಿದು ಬಿಟ್ಟ. ಸೀಮೆಎಣ್ಣೆ ರೇಷನ್ನಿನದು, ತಿಂಗಳಿಡೀ ಬರಬೇಕಾದದ್ದು. ನಿಂಗಮ್ಮ ದೀಪಕ್ಕೆಂದು ಡಬ್ಬ ಎತ್ತಿದರೆ ತಳದಲ್ಲಿ ನಾಲ್ಕು ತೊಟ್ಟು.

"ಕರೆಂಟ್ ಓದ್ರೆ ಏನ್ ನಿಮ್ ಗಾಡಿ ಮುಂದೆ ಕುಂತ್ಕೊಂಡು ಉಣ್ಣಾನಾ?"

"ನಿನ್ ಗಾಡಿ ಕಣಮ್ಮಿ. ನಾನು ಕೂಲಿಯವ್ನು."

ಮಾರನೆಯ ದಿನ ಹಪ್ಪಳ ಕರಿಯುವ ಬಾಣಲೆ ಕಾಣಲಿಲ್ಲ. ಹುಡುಕಿದರೆ ಕೊಟ್ಟಿಗೆಯಲ್ಲಿ ಚೈನು, ನಟ್ಟು, ಬೋಲ್ಟು ತುಂಬಿಕೊಂಡು ಕೂತಿತ್ತು, ಕರೀ ಮಡ್ಡಿಯಲ್ಲಿ ಮುಳುಗಿಕೊಂಡು. ನಿಂಗಮ್ಮ ಬಾಯಿಗೆ ಬಂದದ್ದೆಲ್ಲ ಅಂದಳು. ಚಲುವಯ್ಯ ಪಾಂಡವಪುರದಿಂದ ಹೊಸ ಬಾಣಲೆ ತಂದು ಒಲೆಯ ಪಕ್ಕ ಇಟ್ಟು ಹೋದ. ಅದು ಹಳೆಯದಕ್ಕಿಂತ ಅಗಲವಾಗಿತ್ತು. ನಿಂಗಮ್ಮ ಅವತ್ತು ಅದರಲ್ಲೇ ಹಪ್ಪಳ ಕರಿದು ತಟ್ಟೆಗೆ ಹಾಕಿದಳು. ಎರಡು ತಿಂಗಳ ಮೇಲೆ ಮೊದಲ ಸಲ ಗಂಡ "ಉಪ್ಸಾರು ಬೋ ಚೆನ್ನಾಗದೆ" ಎಂದ.

ಚೈತ್ರ ಬಿ.ಎ. ಮುಗಿಸಿದ್ದಳು. ಕಾಲೇಜಿಗೆ ದಿನಾ ಸೈಕಲ್ ತುಳಿದುಕೊಂಡು ಹೋಗುತ್ತಿದ್ದವಳಿಗೆ, ಈಗ ಹೊಸ ತಾಳಿ, ಹೊಸ ಕಾಲುಂಗುರ ಇಟ್ಟುಕೊಂಡು ಮನೆಯಲ್ಲಿ ಸುಮ್ಮನೆ ಕೂತಿರುವುದು ಹಿಂಸೆಯಾಗುತ್ತಿತ್ತು. ಗಾಡಿಯ ಮಾತು ಬಂದಾಗಲೆಲ್ಲ ಮೊದಮೊದಲು ಮುಖ ಗಂಟಿಕ್ಕುತ್ತಿದ್ದಳು.

"ನನ್ ಜೊತೆ ಇದೂ ಬರ್ಬೇಕಾ ಅವ್ರ ಮನೆಗೆ? ನಾನೊಬ್ಳು ಸಾಕಾಗಕಿಲ್ವಾ?"

"ಸುಮ್ನಿರವ್ವ. ಎಲ್ರೂ ಕೊಡ್ತಾರೆ" ಎನ್ನುತ್ತಿದ್ದಳು ನಿಂಗಮ್ಮ, ಅಷ್ಟೇನೂ ಗಟ್ಟಿಯಲ್ಲದ ದನಿಯಲ್ಲಿ.

ಆದರೆ ಒಂದು ಸಂಜೆ ಅಪ್ಪ ಕಾರ್ಬೊರೇಟರು ಬಿಚ್ಚಿ ಪೇಪರಿನ ಮೇಲೆ ಹರಡಿಕೊಂಡಿದ್ದನ್ನು ನೋಡಿ ಅವಳು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಪೆಟ್ರೋಲು ಬರುವ ಸಣ್ಣ ತೂತಿನಲ್ಲಿ ಮಣ್ಣು ಕಟ್ಟಿತ್ತು. ಅವಳು ಹೊಲಿಗೆ ಸೂಜಿ ತಂದಳು. ಚಲುವಯ್ಯ ಅವಳ ಕೈ ಹಿಡಿದುಬಿಟ್ಟ.

"ಸೂಜಿ ಬ್ಯಾಡ. ತೂತು ವಸಿ ದೊಡ್ದಾದ್ರೂ ಗಾಡಿ ಕೆಟ್ಟೋಯ್ತದೆ. ಹಲ್ಲುಜ್ಜೋ ಬ್ರಶ್ಶಿಂದು ಒಂದು ಎಳೆ ಕಿತ್ಕೊಂಡ್ ಬಾ."

ಅಲ್ಲಿಂದ ಅವಳು ಕೊಟ್ಟಿಗೆ ಬಿಡಲಿಲ್ಲ. ಅಪ್ಪ ಪಾಳಿಗೆ ಹೋದ ಹೊತ್ತಿನಲ್ಲಿ ಮರಳು ಕಾಗದ ಹಿಡಿದು ತುಕ್ಕು ಉಜ್ಜುತ್ತಿದ್ದಳು. ಸವೆದ ಸಿಲಿಂಡರಿನ ಒಳಮೈ ಕೊರೆಸಿ ಬೋರು ಮಾಡಿಸಲು ಮೈಸೂರಿಗೆ ಕಳಿಸಿದರು. ಟ್ಯಾಂಕಿನ ಒಳಗಿನ ತುಕ್ಕು ಬಿಡಿಸಲು ಸಣ್ಣ ಜಲ್ಲಿ, ಸೋಪಿನ ನೀರು ತುಂಬಿ ಅಲ್ಲಾಡಿಸಬೇಕಿತ್ತು. ಚೈತ್ರಳ ತೋಳು ಸೋತಾಗ ಕುಳ್ಳಮ್ಮ, "ಇತ್ತ ತತ್ತಾ" ಎಂದು ಟ್ಯಾಂಕನ್ನು ತೊಡೆಯ ಮೇಲೆ ಇಟ್ಟುಕೊಂಡು, ಮಗುವಿಗೆ ನಿದ್ದೆ ಬರಿಸುವವಳ ಹಾಗೆ ಮಧ್ಯಾಹ್ನವೆಲ್ಲ ತೂಗಿದಳು. ಬಗ್ಗಿಸಿದಾಗ ಕೆಂಪು ನೀರು ಬಂತು.

"ಇನ್ನೂ ಅದೆ, ಇನ್ನೂ ಅದೆ" ಎಂದು ಮುದುಕಿ ಮತ್ತೆ ತೂಗಿದಳು. ಪಾಕೀಟ್ ಹಾಲಿನ ವಿಚಾರ ಅವತ್ತು ಎತ್ತಲಿಲ್ಲ.

ಭಾನುವಾರ ಬೆಳಗ್ಗೆ ಅಳಿಯ ನಾಗಾರ್ಜುನ ಬಂದುಬಿಟ್ಟ. ಮಾಕವಳ್ಳಿಯವನು. ಅಲ್ಲಿಂದ ಒಳಕ್ಕೆ ಇರುವ ಒಂದು ಹಳ್ಳಿಯ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು. ಆಷಾಢದಲ್ಲಿ ಅತ್ತೆ ಅಳಿಯ ಒಂದೇ ಹೊಸಲು ದಾಟಬಾರದು ಅನ್ನುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಹಿತ್ತಲ ಬೇಲಿಯ ಹತ್ತಿರ ನಿಂತು, "ಗಾಡಿ ಎಲ್ಲಿಗ್ ಬಂತು ಅಂತ ನೋಡ್ಕೊಂಡ್ ಹೋಗಣ ಅಂತ ಬಂದೆ ಮಾವ" ಎಂದ. ಹೇಳುವಾಗ ಗಾಡಿಯ ಕಡೆ ನೋಡುತ್ತಿರಲಿಲ್ಲ. ಚೈತ್ರಳ ಕೆನ್ನೆಯ ಮೇಲೆ ಗ್ರೀಸಿನ ಗೆರೆಯಿತ್ತು.

ನಿಂಗಮ್ಮ ಅಡಿಗೆಮನೆಯ ಕಿಟಕಿಯಿಂದ ಹಿಂದಕ್ಕೆ ಸರಿದು ನಿಂತಳು. ಅಳಿಯನನ್ನು ಒಳಗೆ ಕರೆಯುವ ಹಾಗಿಲ್ಲ, ಹಸಿದುಕೊಂಡು ಕಳಿಸುವ ಹಾಗೂ ಇಲ್ಲ. ಕೊಟ್ಟಿಗೆಯಲ್ಲಿ ಚಾಪೆ ಹಾಕಿಸಿ, ಕಿಟಕಿಯಿಂದ ತಟ್ಟೆ ದಾಟಿಸಿದಳು. ಹುರುಳಿಕಾಳಿನ ಸಾರು, ಮುದ್ದೆ, ನುಗ್ಗೆಸೊಪ್ಪಿನ ಪಲ್ಯ. "ಮೇಷ್ಟ್ರಿಗೆ ಇನ್ನೊಂದ್ ಮುದ್ದೆ ಬೇಕಾ ಕೇಳವ್ವ" ಎಂದು ಅವಳು ಇಲ್ಲಿಂದ ಅನ್ನುವುದು, "ಸಾಕು ಅಂತ ಹೇಳು ನಿಮ್ಮವ್ವಂಗೆ" ಎಂದು ಅವನು ಅಲ್ಲಿಂದ ಅನ್ನುವುದು. ಇಬ್ಬರ ನಡುವೆ ಇದ್ದದ್ದು ನಾಲ್ಕು ಮಾರು ದೂರ.

ಮುಂದಿನ ವಾರ ಸಿಲಿಂಡರು ಬಂತು, ಹೊಸ ಪಿಸ್ಟನ್ನು ಕೂತಿತು. ಈ ಗಾಡಿಗೆ ಕಿಕ್ಕರೂ ಗೇರೂ ಒಂದೇ ಕಡ್ಡಿ. ಒದ್ದು ಚಾಲೂ ಮಾಡಿ, ಅದನ್ನೇ ಮುಂದಕ್ಕೆ ಮಡಚಿದರೆ ಗೇರು. ಚಲುವಯ್ಯ ಒದ್ದ, ಒದ್ದ, ಬನಿಯನ್ನು ಬೆವರಿನಲ್ಲಿ ತೊಯ್ದುಹೋಗುವ ತನಕ ಒದ್ದ. ಎಂತದೂ ಇಲ್ಲ. ಪ್ಲಗ್ಗು ಬಿಚ್ಚಿ ಒರೆಸಿ ಹಾಕಿ ಇನ್ನೊಮ್ಮೆ ಒದ್ದಾಗ ಇಂಜಿನ್ನು ಢಮ್ ಎಂದು ಕಿಕ್ಕರನ್ನು ತಿರುಗಿ ಎಸೆಯಿತು. ಚಲುವಯ್ಯ "ಅಯ್ಯಪ್ಪಾ" ಎಂದು ಕಾಲು ಹಿಡಿದುಕೊಂಡು ಗೋಡೆಗೆ ಒರಗಿದ. ಹೆಣ್ಣುಮಕ್ಕಳು ಮೂವರೂ ಓಡಿಬಂದರು. ಕಣಕಾಲು ಆಗಲೇ ಊದುತ್ತಿತ್ತು.

"ಒದೆಯೋ ಎಮ್ಮೆ ಕಂಡಿದ್ದೆ. ಇದುನ್ನ ಕಂಡಿರ್ನಿಲ್ಲ" ಎಂದು ಕುಳ್ಳಮ್ಮ ಹುಣಸೆ ಎಲೆ ಬೇಯಿಸಿ ಬಟ್ಟೆಯಲ್ಲಿ ಕಟ್ಟಿದಳು.

ಕಾಲಿಗೆ ಕಟ್ಟು ಕಟ್ಟಿಕೊಂಡು ಚಲುವಯ್ಯ ರಜೆ ಹಾಕಿ ಕೂತ. ಕೂತಲ್ಲಿಂದಲೇ ಹೇಳುತ್ತಿದ್ದ, ಚೈತ್ರ ಮಾಡುತ್ತಿದ್ದಳು. ಕಿಡಿ ಹೊತ್ತಿಸುವ ಪಾಯಿಂಟಿನ ಸಂದು ಸರಿಮಾಡಿ, ಕಿಕ್ಕರನ್ನು ಮೆಲ್ಲಗೆ ಒತ್ತಿ ಬಿಗಿ ಸಿಕ್ಕಿದ ಮೇಲೆ ಒಂದೇ ಏಟು ಒದೆ ಎಂದ. ಅವಳು ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ ಒದ್ದಳು. ಗಾಡಿ ಕೆಮ್ಮಿತು. ಇನ್ನೊಮ್ಮೆ ಒದ್ದಳು. ಎರಡೂ ಸೈಲೆನ್ಸರಿನಿಂದ ನೀಲಿ ಹೊಗೆ ಬುಸ್ಸೆಂದು ಬಂದು ಕೊಟ್ಟಿಗೆ ತುಂಬಿತು. ಡುಗುಡುಗು ಸದ್ದಿಗೆ ಮಾಡಿನ ಹೆಂಚು ನಡುಗಿ ಧೂಳು ಉದುರಿತು. ಚಲುವಯ್ಯ ಒಂಟಿ ಕಾಲಲ್ಲಿ ಎದ್ದು ನಿಂತುಬಿಟ್ಟ. ಹೊಗೆಯೊಳಗೆ ಅಪ್ಪ ಮಗಳು ನಗುವುದು ನಿಂಗಮ್ಮನಿಗೆ ಕೇಳಿಸಿತೇ ಹೊರತು ಕಾಣಲಿಲ್ಲ.

ನಗು ಸರಿಯೇ, ಆದರೆ ರಸ್ತೆಯ ಮೇಲೆ ಓಡಿಸಿ ನೋಡುವವರು ಯಾರು? ಚಲುವಯ್ಯನ ಕಾಲು ಇನ್ನೂ ನೆಲಕ್ಕೂರುತ್ತಿರಲಿಲ್ಲ. ಚೈತ್ರ ಚೂಡಿದಾರ್ ಹಾಕಿಕೊಂಡು ಬಂದು ನಿಂತಾಗ ನಿಂಗಮ್ಮ ಗಾಡಿಗೆ ಅಡ್ಡ ಬಂದಳು.

"ಬ್ಯಾಡ ಕಣೇ. ಬಿದ್ದು ಮುಖ ಮೂತಿ ಗಾಯ ಮಾಡ್ಕೊಂಡ್ರೆ ನಿಮ್ಮತ್ತೆ ಮನೇವ್ರಿಗೆ ಏನ್ ಏಳ್ಲಿ ನಾನು?"

"ಬಿದ್ರೆ ಬಿದ್ದೆ ಅನ್ನವ್ವ."

"ನೀವಾರ ಏಳಿ ಅವ್ಳಿಗೆ" ಎಂದು ನಿಂಗಮ್ಮ ಗಂಡನ ಕಡೆ ತಿರುಗಿದಳು.

ಚಲುವಯ್ಯ ಮಗಳನ್ನೂ ಗಾಡಿಯನ್ನೂ ನೋಡಿದ. "ಹೊಸ ಬೋರು. ಮೆತ್ತಗೆ ಓಡ್ಸವ್ವ. ಮೂರನೇ ಗೇರು ದಾಟ್ಬ್ಯಾಡ" ಎಂದ.

ನಾಲೆಯ ಏರಿಯ ಮೇಲೆ ಅವಳು ಮೊದಲ ದಿನ ಎರಡು ಸಲ ಬಿದ್ದಳು. ಮೊಣಕೈ ತರಚಿತು. ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತು ನೋಡಿದರು. ಅವರಲ್ಲೊಬ್ಬಳಾದ ಸೋಮಮ್ಮ ಸಂಜೆ ಬಂದು, "ನಿನ್ ಮಗ್ಳು ಗಂಡಸ್ರಂಗೆ ಗಾಡಿ ಓಡುಸ್ತಾವ್ಳಲ್ಲ ನಿಂಗಮ್ಮ, ಕೇಳಕಿಲ್ವಾ ನೀನು?" ಎಂದಳು. ನಿಂಗಮ್ಮನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಅವ್ರಪ್ಪನ ಕಾಲು ಉಳುಕದೆ. ಗಾಡಿ ಓಡ್ಸಿ ನೋಡೋರ್ಯಾರು, ನೀನ್ ಬತ್ತೀಯಾ?" ಎಂದು ಕಳಿಸಿದಳು. ಆಮೇಲೆ ಒಳಗೆ ಬಂದು ಮಗಳ ಮೊಣಕೈಗೆ ಅರಿಶಿನ ಹಚ್ಚುತ್ತಾ ತಾನೂ ಅದನ್ನೇ ಅಂದು ಬೈದಳು.

ಆ ಭಾನುವಾರ ನಾಗಾರ್ಜುನ ಬಂದಾಗ ಗಾಡಿಗೆ ಕಪ್ಪು ಬಣ್ಣ ಹೊಡೆದು, ಹೊಸ ಸೀಟು ಹಾಕಿ, ಹೊರಗೆ ಬಿಸಿಲಿಗೆ ನಿಲ್ಲಿಸಿದ್ದರು. ಒಳಗೆ ನಿಂಗಮ್ಮ ನಾಟಿ ಕೋಳಿ ಸಾರಿಗೆ ಖಾರ ಅರೆಯುತ್ತಿದ್ದಳು. ಚಲುವಯ್ಯ ಒರಳುಕಲ್ಲಿನ ಮೇಲೆ ಕಾಲು ಚಾಚಿ ಕೂತು, "ಬನ್ನಿ ಮೇಷ್ಟ್ರೇ. ನಿಮ್ ಗಾಡಿ. ಏರಿ ತಕ ಓಡ್ಸಿ, ಎಂಗದೆ ಏಳಿ" ಎಂದ.

ನಾಗಾರ್ಜುನ ಹ್ಯಾಂಡಲ್ಲು ಹಿಡಿದ. ಸ್ಟ್ಯಾಂಡಿನಿಂದ ಇಳಿಸಿದ್ದೇ ತಡ ಗಾಡಿ ಅವನ ಮೇಲೇ ವಾಲಿತು. ಚೈತ್ರ ಹಿಂದಿನಿಂದ ಹಿಡಿದು ನಿಲ್ಲಿಸಿದಳು.

"ಮಾವ," ಎಂದ ಅವನು ನೆಲ ನೋಡುತ್ತಾ, "ನಂಗೆ ಓಡ್ಸಕ್ಕೆ ಬರಲ್ಲ."

"ಯೆಜ್ಡಿ ಓಡ್ಸಿಲ್ವಾ? ಗೇರು ವಸಿ ಬ್ಯಾರೆ, ಅಷ್ಟೇಯ."

"ಯಾವ್ದೂ ಓಡ್ಸಿಲ್ಲ ಮಾವ. ಸೈಕಲ್ ಬತ್ತದೆ."

ಅರೆಯುವ ಸದ್ದು ನಿಂತಿತು. ಕಿಟಕಿಯಲ್ಲಿ ನಿಂಗಮ್ಮನ ಮುಖ ಕಾಣಿಸಿತು. ಆಷಾಢವನ್ನೂ ಮರೆತಳು, ಅಳಿಯ ಅನ್ನುವುದನ್ನೂ ಮರೆತಳು.

"ಮತ್ಯಾಕೆ ಕೇಳಿಸ್ದ್ರಿ ಗಾಡಿಯ?"

"ನಾನು ಕೇಳ್ಲಿಲ್ಲ ಅತ್ತೆ. ಚಿಕ್ಕಪ್ಪ ಕೇಳಿದ್ರು. ಬ್ಯಾಡ ಅನ್ನಕ್ಕೆ ಅವತ್ತು ನಂಗೆ ಬಾಯೇ ಬರ್ಲಿಲ್ಲ."

"ನೋಡಿ. ಬಾಯಿ ಬರಬಾರ್ದಾಗಿದ್ದ ನಂಗೆ ಬಂತು. ಬರ್ಬೇಕಾಗಿದ್ದ ನಿಮ್ಗೆ ಬರ್ನಿಲ್ಲ."

"ನಮ್ಮವ್ವ ಎಮ್ಮೆ ಮಾರವ್ಳೆ ಕಣ್ರೀ ಇದುಕ್ಕೆ" ಎಂದಳು ಚೈತ್ರ.

ನಾಗಾರ್ಜುನ ಖಾಲಿ ಕೊಟ್ಟಿಗೆಯನ್ನೂ, ಗೂಟವನ್ನೂ ನೋಡಿದ. ಅವನಿಗೆ ಇದು ಗೊತ್ತಿರಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು.

"ನಾನು ಮನೇಲಿ ಹೇಳ್ತೀನಿ ಅತ್ತೆ. ಗಾಡಿ ಬ್ಯಾಡ ಅಂತ ಹೇಳ್ಬುಡ್ತೀನಿ."

"ಏನೂ ಬ್ಯಾಡ. ಕೊಡ್ತೀನಿ ಅಂದೋಳು ಕೊಟ್ಟೇ ಕೊಡ್ತೀನಿ" ಎಂದು ನಿಂಗಮ್ಮ ಕಿಟಕಿಯಿಂದ ಮರೆಯಾದಳು.

ಅವತ್ತು ಅಳಿಯನ ತಟ್ಟೆಗೆ ತುಂಡು ಕಮ್ಮಿ ಹಾಕಿದಳು. ಹೊರಗೆ ಅವನು ತಲೆ ಬಗ್ಗಿಸಿ ಬರೀ ಸಾರಿನಲ್ಲಿ ಮುದ್ದೆ ಉಣ್ಣುವುದನ್ನು ನೋಡಿ ಮನಸ್ಸು ತಡೆಯದೆ ಕಾಲಿನ ತುಂಡನ್ನು ಬೇರೆ ಬಟ್ಟಲಲ್ಲಿ ಕಳಿಸಿಕೊಟ್ಟಳು. ಊಟವಾದ ಮೇಲೆ ಚೈತ್ರ ಗಂಡನನ್ನು ಏರಿಯ ಮೇಲೆ ಕರೆದುಕೊಂಡು ಹೋಗಿ ಕ್ಲಚ್ಚು ಯಾವುದು, ಬ್ರೇಕು ಯಾವುದು ಅಂತ ತೋರಿಸಿದಳು. ಕತ್ತಲಾಗುವ ಹೊತ್ತಿಗೆ ಮೇಷ್ಟ್ರ ಪ್ಯಾಂಟಿನ ಎರಡು ಮಂಡಿಯೂ ಹರಿದಿದ್ದವು. ಕುಳ್ಳಮ್ಮ ಅದನ್ನು ನೋಡಿ ಜಗಲಿಯ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮಂಡ್ಯದ ಆರ್.ಟಿ.ಓ. ಆಫೀಸಿಗೆ ಹೋಗಿ ಗಾಡಿಯನ್ನು ಹೆಸರಿಗೆ ಮಾಡಿಸುವ ದಿನ ಗಂಡ ಹೆಂಡಿರ ನಡುವೆ ಮತ್ತೊಂದು ಸುತ್ತು ನಡೆಯಿತು. ಚಲುವಯ್ಯ ಕುಂಟಿಕೊಂಡೇ ಹೊರಟು, "ಮೇಷ್ಟ್ರ ಪೂರ್ತಿ ಹೆಸ್ರು ಏನವ್ವ, ಇನಿಷಲ್ಲು?" ಎಂದು ಮಗಳನ್ನು ಕೇಳಿದ. ನಿಂಗಮ್ಮ ಕಾಫಿ ಲೋಟ ಕೆಳಗಿಟ್ಟಳು.

"ಚೈತ್ರನ ಹೆಸ್ರಿಗೆ ಮಾಡ್ಸಿ."

"ಏನಂದೆ?"

"ಅವ್ಳ ಹೆಸ್ರಿಗೆ."

"ಬೀಗ್ರು ಏನಂದಾರು? ಗಂಡಿಗೆ ಅಂತ ಕೊಡೋ ಗಾಡಿ."

"ಗಾಡಿ ಕೊಡ್ತೀವಿ ಅಂದಿದ್ದೆ. ಯಾರ ಹೆಸ್ರಿಗೆ ಅಂತ ನಾನೂ ಏಳಿರ್ನಿಲ್ಲ, ಅವ್ರೂ ಕೇಳಿರ್ನಿಲ್ಲ. ಉಜ್ಜಿದೋಳು ಅವ್ಳು, ಬಿದ್ದೋಳು ಅವ್ಳು. ಯಾರಾರ ಕೇಳಿದ್ರೆ ನನ್ ಹೆಸ್ರೇಳಿ."

ಚಲುವಯ್ಯ ಗಾಡಿಯ ಕಾಗದಗಳನ್ನು ಜೇಬಿಗೆ ತುರುಕಿಕೊಂಡ. "ಅವತ್ತು ಬಾಗ್ಲಲ್ ನಿಂತ್ಕೊಂಡು ಅಂದಂಗೇ ಅಂತಿದ್ದೀಯ" ಎಂದ. ಆದರೆ ಈ ಸಲ ಅವನ ದನಿಯಲ್ಲಿ ಮುನಿಸಿರಲಿಲ್ಲ. ಅಪ್ಪ ಮಗಳು ಮಂಡ್ಯದ ಬಸ್ಸು ಹತ್ತಿದರು. ಅಲ್ಲಿಗೆ ನಾಗಾರ್ಜುನನೂ ಬಂದ. ಗಂಡ ಹೆಂಡತಿ ಇಬ್ಬರೂ ಒಂದೇ ದಿನ ಕಲಿಯುವವರ ಲೈಸೆನ್ಸು ತೆಗೆದುಕೊಂಡರು. ಸಂಜೆ ಗಾಡಿಯ ನಂಬರಿನ ಪಕ್ಕ ಕೆಂಪು 'ಎಲ್' ಅಕ್ಷರವನ್ನು ಮೇಷ್ಟ್ರೇ ದುಂಡಗೆ ಬರೆದರು.

ಆಷಾಢದ ಕೊನೆಯ ಭಾನುವಾರ ಇಬ್ಬರೂ ಮೇಲುಕೋಟೆಗೆ ಹೊರಟರು. ಬೆಟ್ಟದ ಏರು ಹತ್ತಿದರೆ ಮಾತ್ರ ಗಾಡಿ ಪಾಸು ಅಂತ ಚಲುವಯ್ಯ ಹೇಳಿದ್ದ. ಮಧ್ಯಾಹ್ನಕ್ಕೆ ವಾಪಸಾಗಬೇಕಾದವರು ಸಂಜೆಯಾದರೂ ಬರಲಿಲ್ಲ. ಮಳೆ ಹನಿಯತೊಡಗಿತು. ಚಲುವಯ್ಯ ತಟ್ಟೆ ಮುಂದೆ ಕೂತವನು ಕೈ ಹಾಕಲಿಲ್ಲ. ರಸ್ತೆಯಲ್ಲಿ ಯಾವ ಗಾಡಿಯ ಸದ್ದು ಕೇಳಿದರೂ ಕತ್ತು ಎತ್ತುತ್ತಿದ್ದ.

"ಪೆಟ್ರೋಲಿಗೆ ಎಣ್ಣೆ ಸರಿಯಾಗ್ ಹಾಕಿದ್ನೋ ಇಲ್ವೋ, ಕಮ್ಮಿಯಾದ್ರೆ ಇಂಜಿನ್ನು ಕಚ್ಕೊತದೆ" ಎಂದ.

"ಹಾಕಿದ್ರಿ. ನಾನೇ ನೋಡ್ದೆ. ಉಣ್ಣಿ" ಎಂದಳು ನಿಂಗಮ್ಮ. ಅವಳೂ ಉಂಡಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಬಂದರು. ನಾಗಾರ್ಜುನ ಓಡಿಸುತ್ತಿದ್ದ, ಚೈತ್ರ ಹಿಂದೆ. ಇಬ್ಬರೂ ತೊಯ್ದು ತೊಪ್ಪೆಯಾಗಿದ್ದರು.

"ಬೆಟ್ಟದ ಮೇಲೆ ಇಂಜಿನ್ನು ಕಚ್ಕೊಂಡ್ಬುಡ್ತು ಅಪ್ಪ," ಎಂದಳು ಚೈತ್ರ ಉಸಿರು ಬಿಡದೆ, "ನಾನು ಓಡಿಸ್ತಿದ್ದೆ. ಹಿಂದ್ಲು ಚಕ್ರ ಕಿರ್ರಂತ ನಿಂತೋಯ್ತು. ಇವ್ರು ಗಾಡಿ ಕಥೆ ಮುಗೀತು ಅಂದ್ರು. ನಾನು ಕ್ಲಚ್ ಹಿಡ್ದು ಪಕ್ಕಕ್ ತಂದೆ. ಇವ್ರು ಮೇಲಕ್ ನಡ್ಕೊಂಡೋಗಿ ಪುಳಿಯೋಗರೆ ತಂದ್ರು, ಮರದ ಕೆಳಗ್ ಕುಂತ್ಕೊಂಡು ತಿಂದ್ವು. ತಣ್ಣಗಾದ್ಮೇಲೆ ಒದ್ದೆ, ಬಂತು. ಮೇಲಕ್ಕೂ ಹತ್ತುಸ್ದ್ವು."

"ಕ್ಲಚ್ ತಕ್ಷಣ ಹಿಡ್ದ್ಯಾ?"

"ತಕ್ಷಣ."

ಚಲುವಯ್ಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ತಣ್ಣಗಾಗಿದ್ದ ಮುದ್ದೆಯನ್ನು ಮುರಿದು ಉಣ್ಣತೊಡಗಿದ. "ಸಾರು ಬುಡಮ್ಮಿ" ಎಂದ.

ಶ್ರಾವಣ ಹುಟ್ಟಿದ ಮೂರನೆಯ ದಿನ ಚೈತ್ರಳನ್ನು ಗಂಡನ ಮನೆಗೆ ಕಳಿಸಿದರು. ನಿಂಗಮ್ಮನೂ ಚಲುವಯ್ಯನೂ ಚಕ್ಕುಲಿ, ಕಜ್ಜಾಯದ ಡಬ್ಬ ಹೊತ್ತು ಬಸ್ಸಿನಲ್ಲಿ ಹೋದರು. ಮಗಳು ಅಳಿಯ ಗಾಡಿಯಲ್ಲಿ. ಮಾಕವಳ್ಳಿಯಲ್ಲಿ ಇವರು ಇಳಿದು ಬೀಗರ ಮನೆಯ ಮುಂದೆ ಬರುವುದಕ್ಕೂ, ಬೀದಿಯ ಆ ತುದಿಯಿಂದ ಯೆಜ್ಡಿ ಬರುವುದಕ್ಕೂ ಸರಿಹೋಯಿತು. ಓಡಿಸುತ್ತಿದ್ದವಳು ಚೈತ್ರ. ಮೇಷ್ಟ್ರು ಹಿಂದೆ ಬಟ್ಟೆಯ ಗಂಟನ್ನು ತಬ್ಬಿಕೊಂಡು ಕೂತಿದ್ದರು. ಕೆ.ಆರ್.ಪೇಟೆ ಪೇಟೆಬೀದಿಯ ದನಕರುಗಳ ನಡುವೆ ಓಡಿಸಲು ಅವರಿಗೆ ಇನ್ನೂ ಧೈರ್ಯ ಬಂದಿರಲಿಲ್ಲ.

ಜಗಲಿಗಳ ಮೇಲಿದ್ದವರು ಎದ್ದು ನಿಂತರು. ಬೀಗಿತ್ತಿ ಮಂಚಮ್ಮ ಬಾಗಿಲಲ್ಲಿದ್ದಳು. ತೆಳ್ಳಗಿನ ಹೆಂಗಸು. ಗಂಡ ಸತ್ತ ಮೇಲೆ ಹೊಲದಲ್ಲಿ ಗೇಯ್ದು ಮಗನನ್ನು ಓದಿಸಿದವಳು, ಮಾತು ಕಮ್ಮಿ. ಮೊದಲು ಮಾತಾಡಿದವನು ಚಿಕ್ಕಸ್ವಾಮಿ. ಗಾಡಿಯನ್ನು ಒಂದು ಸುತ್ತು ಬಂದು,

"ಇದು ಹೊಸ್ದಲ್ವಲ್ಲ" ಎಂದ.

"ಹೊಸ್ದಲ್ಲ," ಎಂದಳು ನಿಂಗಮ್ಮ ಡಬ್ಬ ಕೆಳಗಿಟ್ಟು, "ಹೊಸ್ದು ತರಕ್ಕೆ ನಮ್ ಕೈಲಾಗ್ನಿಲ್ಲ. ಹಳೇದ್ ತಂದು, ಅಪ್ಪ ಮಗ್ಳು ಸೇರ್ಕೊಂಡು ಹೊಸ್ದು ಮಾಡವ್ರೆ. ಗಾಡಿ ಅವ್ಳ ಹೆಸ್ರಲ್ಲದೆ. ಅದ್ನೂ ಈಗ್ಲೇ ಏಳ್ಬುಡ್ತೀನಿ, ಆಮೇಲೆ ಏಳ್ನಿಲ್ಲ ಅನ್ಬ್ಯಾಡಿ."

"ಹೆಣ್ಣಿನ ಹೆಸ್ರಿಗಾ? ಎಲ್ಲಾರ ಉಂಟಾ?"

"ಚಿಕ್ಕಪ್ಪ," ಎಂದ ನಾಗಾರ್ಜುನ. ಗಂಟು ಇನ್ನೂ ಅವನ ತೋಳಲ್ಲೇ ಇತ್ತು. "ಗಾಡಿ ಕೇಳಿದ್ದೇ ತಪ್ಪು. ನಾನು ಅವತ್ತೇ ಅನ್ಬೇಕಿತ್ತು. ಅವ್ಳ ಹೆಸ್ರಲ್ಲೇ ಇರ್ಲಿ. ನಾನು ಕೇಳಿ ಇಸ್ಕೊಂಡು ಓಡಿಸ್ತೀನಿ."

ಮೇಷ್ಟ್ರು ಚಿಕ್ಕಪ್ಪನಿಗೆ ಎದುರಾಡಿದ್ದನ್ನು ಆ ಬೀದಿ ಮೊದಲು ಕಂಡದ್ದು ಅವತ್ತೇ ಇರಬೇಕು. ಚಿಕ್ಕಸ್ವಾಮಿ ಮಂಚಮ್ಮನ ಕಡೆ ನೋಡಿದ. ಮಂಚಮ್ಮ "ಕಾಲ್ ತೊಳ್ಕೊಂಡು ಒಳೀಕ್ ಬನ್ನಿ. ಅನ್ನ ಆರೋಯ್ತದೆ" ಎಂದಳು, ಅಷ್ಟೇ. ಚಿಕ್ಕಸ್ವಾಮಿ ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ತನ್ನ ಮನೆಗೆ ಹೋದ. ಊಟಕ್ಕೂ ಬರಲಿಲ್ಲ. ನಿಂಗಮ್ಮನಿಗೆ ಅದೊಂದು ಕಸಿವಿಸಿ ಉಳಿಯಿತು.

ಊಟವಾದ ಮೇಲೆ ಬೀಗಿತ್ತಿಯರಿಬ್ಬರೂ ಅಡಿಗೆಮನೆಯಲ್ಲಿ ಪಾತ್ರೆ ಎತ್ತಿಡುತ್ತಿದ್ದರು. ಮಂಚಮ್ಮ ತಟ್ಟೆ ಒರೆಸುತ್ತಾ ಕೇಳಿದಳು.

"ಗಾಡಿ ಕಲಿಯೋವಾಗ ಬಿದ್ಲಾ?"

"ಬಿದ್ಲು ಕಣಕ್ಕ. ಎರಡ್ ಸಲ."

"ಅವ್ನು?"

ನಿಂಗಮ್ಮ ಹೇಳುವುದೋ ಬೇಡವೋ ಎಂದು ಅನುಮಾನಿಸಿದಳು. "ಲೆಕ್ಕ ಇಟ್ಟಿಲ್ಲ" ಎಂದಳು.

ಮಂಚಮ್ಮನ ಮುಖದಲ್ಲಿ ಮೆಲ್ಲಗೆ ನಗು ಹರಡಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ಭುಜ ಅಲ್ಲಾಡುವುದು ನಿಲ್ಲಲಿಲ್ಲ. ನಿಂಗಮ್ಮನೂ ತಡೆಯಲಾರದೆ ನಕ್ಕಳು.

"ಹಿಂದ್ಗಡೆ ಕುಂತ್ರೆ ಎಂಗಿರ್ತದೆ?" ಎಂದು ಕೇಳಿದಳು ಮಂಚಮ್ಮ ಕಣ್ಣೊರೆಸಿಕೊಂಡು.

"ನಾನೇ ಇನ್ನೂ ಕುಂತಿಲ್ಲ ಕಣಕ್ಕ. ಭಯ."

ಸಂಜೆ ಬಸ್ಸಿನ ಹೊತ್ತಾಗಿತ್ತು. ಹೊರಗೆ ಚೈತ್ರ ಗಾಡಿ ಒರೆಸುತ್ತಿದ್ದಳು. ಮಂಚಮ್ಮ ಹೊರಗೆ ಬಂದು ಅತ್ತಿತ್ತ ನೋಡಿದಳು. ಬೀದಿಯಲ್ಲಿ ಜನ ಕಮ್ಮಿಯಿದ್ದರು. "ಮಾರಮ್ಮನ ಗುಡಿ ತಕ ಅಷ್ಟೇಯ. ಮೆತ್ತಗೆ" ಎಂದು ಸೊಸೆಗೆ ಹೇಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕಡೆಗೆ ಕಾಲು ಹಾಕಿಕೊಂಡು ಕೂತಳು. ಒಂದು ಕೈ ಸೀಟನ್ನು ಹಿಡಿದಿತ್ತು, ಇನ್ನೊಂದು ಸೊಸೆಯ ಹೆಗಲನ್ನು. ಗಾಡಿ ಹೊರಟಿತು.

ನಿಂಗಮ್ಮ, ಚಲುವಯ್ಯ, ನಾಗಾರ್ಜುನ ಮೂವರೂ ನಡೆದುಕೊಂಡು ಬಸ್ಸು ನಿಲ್ಲುವ ಮರದ ಹತ್ತಿರ ಬಂದು ನಿಂತರು. ಹೊಲಗಳ ಆಚೆಯಿಂದ ಗಾಡಿಯ ಸದ್ದು ಕೇಳುತ್ತಿತ್ತು. ಗುಡಿಯ ಹತ್ತಿರ ಸದ್ದು ತಗ್ಗಿತು.

"ತಿರುಗುಸ್ತಾವ್ಳೆ" ಎಂದ ಚಲುವಯ್ಯ.

ಸದ್ದು ಮತ್ತೆ ಏರಿತು. ಆದರೆ ಹತ್ತಿರ ಬರಲಿಲ್ಲ. ಗುಡಿ ದಾಟಿ ಕೆ.ಆರ್.ಪೇಟೆ ರಸ್ತೆಯ ಕಡೆಗೆ, ನೆಟ್ಟಗೆ, ದೂರ ದೂರಕ್ಕೆ ಹೋಯಿತು.

"ಅವ್ವ ಗುಡಿ ತನಕ ಅಂದಿತ್ತಲ್ಲ" ಎಂದ ನಾಗಾರ್ಜುನ.

ಅಷ್ಟರಲ್ಲಿ ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿಲಿನಿಂದ ತಲೆ ಹೊರಹಾಕಿ ಬೇಗ ಬೇಗ ಎಂದ. ಚಲುವಯ್ಯ ಉಳುಕಿದ್ದ ಕಾಲನ್ನು ಜೋಪಾನವಾಗಿ ಎತ್ತಿ ಮೆಟ್ಟಿಲ ಮೇಲಿಟ್ಟು, ಹಿಂದೆ ತಿರುಗಿ ನೋಡಿದ. ಹೆಂಡತಿ ಅಲ್ಲಾಡಿರಲಿಲ್ಲ.

"ಬಾರಮ್ಮಿ."

"ಬಸ್ಸು ಓಗ್ಲಿ ಬುಡಿ, ಇನ್ನೊಂದ್ ಬತ್ತದೆ" ಎಂದು ನಿಂಗಮ್ಮ ಮರದ ಬುಡದ ಕಲ್ಲಿನ ಮೇಲೆ ಕೂತಳು. "ಅವ್ರು ಬರ್ಲಿ. ನಾನೂ ಒಂದ್ಸಲ ಕುಂತ್ಕೊಂಡ್ ನೋಡ್ಬೇಕು."